ಸ್ಥಿತಿಕರಣ: ವಾರಿಷೇಣನ ಕಥೆಯ ಮರುಚಿಂತನೆ

ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವವನನ್ನು ಮರಳಿ ನೆಲೆಗೊಳಿಸುವುದೇ ಸ್ಥಿತಿಕರಣ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಆರನೆಯದಾದ ಇದಕ್ಕೆ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ವಾರಿಷೇಣನನ್ನು ನಿದರ್ಶನವಾಗಿ ಹೆಸರಿಸಿದ್ದಾರೆ. 12ನೆಯ ಶತಮಾನದ ಆದಿಯಲ್ಲಿ ಮುಳುಗುಂದದ ನಯಸೇನನು ‘ಧರ್ಮಾಮೃತ’ದಲ್ಲಿ ಅಷ್ಟಾಂಗಗಳನ್ನು ಕಥೆಗಳಾಗಿಸಿ, ಗಾದೆ-ಉಪಮೆಗಳಿಂದ ಕೂಡಿದ ತಿಳಿಗನ್ನಡದಲ್ಲಿ ಶ್ರಾವಕರ ಮುಂದಿರಿಸಿದನು. ದೋಷವಿರುವುದು ಕಥೆಯಲ್ಲಲ್ಲ, ಇಂದು ಅದನ್ನು ಹೇಳುವ ಬಗೆಯಲ್ಲಿ.

ಪಾಠಶಾಲೆಗಳಲ್ಲಿ ಹೇಳುವ ಕಥೆ ಇಷ್ಟು: ಮುನಿಯಾದ ಮೇಲೂ ಪುಷ್ಪಡಾಲನು ಒಕ್ಕಣ್ಣಿಯಾದ ಹೆಂಡತಿಯನ್ನೇ ನೆನೆಯುತ್ತಿದ್ದ, ವಾರಿಷೇಣನು ಅವನನ್ನು ಅರಮನೆಗೆ ಕರೆದೊಯ್ದು, ತಾನು ತೊರೆದ ರಾಣಿಯರನ್ನು ತೋರಿಸಿದ, ಪುಷ್ಪಡಾಲ ನಾಚಿದ. ಮಕ್ಕಳು ನಗುತ್ತಾರೆ. ಆದರೆ ಆ ಗೆಳೆಯನು ದೀಕ್ಷೆಗೆಂದು ಹೊರಟವನೇ ಅಲ್ಲ. ಆಹಾರವಿತ್ತು, ನಾಲ್ಕು ಹೆಜ್ಜೆ ಬೀಳ್ಕೊಡಲು ಬಂದವನು. ದಾರಿಯ ಗುರುತುಗಳನ್ನು ತೋರಿಸುತ್ತ ಹಿಂದಿರುಗುವ ಸೂಚನೆ ಕೊಟ್ಟರೂ ಅದು ವಾರಿಷೇಣನ ಕಿವಿಗೆ ಬೀಳಲಿಲ್ಲ. ಅದು ದಾಕ್ಷಿಣ್ಯದ ದೀಕ್ಷೆ. ಹಾಗಾಗಿ ಮುಂದಿನ 12 ವರ್ಷ ಅವನ ಜೊತೆಗಿರುವ ಹೊಣೆಯೂ ವಾರಿಷೇಣನದೇ ಆಯಿತು. ಮಗ ಅರಮನೆಗೆ ಬಂದಾಗ ಚೇಲನಾದೇವಿ ಕೂಗಾಡಲಿಲ್ಲ. ಒಂದು ಸರಾಗ, ಒಂದು ವೀತರಾಗ ಎಂದು ಎರಡು ಆಸನಗಳನ್ನು ಇರಿಸಿ, ಅವನು ಯಾವುದರ ಮೇಲೆ ಕುಳಿತಾನೆಂದು ನೋಡಿದಳು. ಮಗನನ್ನು ಅರಿಯಲು ತಾಯಿಯೊಬ್ಬಳು ಕಂಡುಕೊಂಡ ಇಷ್ಟು ಮೃದುವಾದ ಉಪಾಯ ವಿರಳ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತರುಣನು ಓದಿಗೂ ಕೆಲಸಕ್ಕೂ ಕಲಬುರಗಿ, ಸೊಲ್ಲಾಪುರ, ಪುಣೆ, ಬೆಂಗಳೂರುಗಳ ಬಾಡಿಗೆ ಕೋಣೆ ಸೇರುತ್ತಾನೆ. ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತಕ್ಕೆ ಈಗ ಪಗಡೆಹಾಸು ಬೇಡ, ಅಂಗೈಯ ಮೊಬೈಲ್ ಸಾಕು. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನಿನಿಂದ ನಿಷೇಧಿಸಿತು. ಚಟಕ್ಕೆ ಬಿದ್ದ ಮನಸ್ಸನ್ನು ಕಾನೂನು ನಿಲ್ಲಿಸಲಾರದು. ಇವನಿಗಾಗಿ ಬಸದಿಗಳಲ್ಲಿ ನಡೆಯುವುದು ದಶಲಕ್ಷಣ ಪರ್ವದ ಉಪನ್ಯಾಸ, ರಜೆಯ ಸಂಸ್ಕಾರ ಶಿಬಿರ. ಅವು ಬೇಡವೆಂದಲ್ಲ. 12 ವರ್ಷದ ಕೆಲಸವನ್ನು 10 ದಿನಗಳಲ್ಲಿ ಮುಗಿಸುವ ಭ್ರಮೆ ಮಾತ್ರ ಬೇಡ.

ಇದಕ್ಕಿಂತ ದೊಡ್ಡ ತೊಡಕು ಉಪಗೂಹನದ ದುರುಪಯೋಗ. ಮಗನ ಸಾಲ, ಕುಡಿತಗಳನ್ನು ಮನೆತನದ ಮಾನಕ್ಕಾಗಿ ಮುಚ್ಚಿಟ್ಟು ಅದನ್ನೇ ಧರ್ಮವೆನ್ನುವವರಿದ್ದಾರೆ. ಕ್ಷುಲ್ಲಕವೇಷದ ಕಳ್ಳನು ಜಿನಬಿಂಬದ ಛತ್ರದ ವೈಡೂರ್ಯವನ್ನು ಕದ್ದು ಸಿಕ್ಕಿಬಿದ್ದಾಗ, ತಾನೇ ತರಹೇಳಿದ್ದೆನೆಂದು ಜಿನೇಂದ್ರಭಕ್ತಶ್ರೇಷ್ಠಿ ಜನರೆದುರು ನುಡಿದನು, ನಿಜ. ಆದರೆ ಏಕಾಂತದಲ್ಲಿ ಅವನನ್ನು ಕಟುವಾಗಿ ಎಚ್ಚರಿಸಿ ಕಳುಹಿಸಿದನು. ಈ ಎರಡನೆಯ ಭಾಗವನ್ನು ಯಾರೂ ಉದಾಹರಿಸುವುದಿಲ್ಲ.

ಮುಚ್ಚುವುದರ ಎದುರು ತುದಿ ಹೊರದೂಡುವುದು. ಕುಂಭೋಜದಲ್ಲಿ ಜನಿಸಿದ ಭಾವುರಾವ್ ಪಾಟೀಲರು ಕೊಲ್ಲಾಪುರದ ಜೈನ ಬೋರ್ಡಿಂಗಿನ ವಿದ್ಯಾರ್ಥಿಯಾಗಿದ್ದಾಗ ಅಸ್ಪೃಶ್ಯರ ವಸತಿನಿಲಯದ ಸಮಾರಂಭಕ್ಕೆ ಹೋಗಿಬಂದು, ಶುದ್ಧಿಸ್ನಾನಕ್ಕೆ ಒಪ್ಪದೆ ಹೊರಬೀಳಬೇಕಾಯಿತು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ಬಡಮಕ್ಕಳಿಗೆ ಶಾಲೆ ತೆರೆದವರು ಅವರೇ. ಜಾರಿದವನು ಯಾರು, ನೆಲೆಗೊಳ್ಳಬೇಕಾದವರು ಯಾರು ಎಂಬ ತೀರ್ಮಾನದಲ್ಲಿ ಆಡಳಿತ ಮಂಡಳಿಗಳೂ ತಪ್ಪುವುದುಂಟು.

ಖಿನ್ನತೆಗೂ ಮಾದಕದ್ರವ್ಯದ ಚಟಕ್ಕೂ ವೈದ್ಯರೇ ಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಯನ್ನು ಬಸದಿಯ ಫಲಕದಲ್ಲಿ ಬರೆದರೆ ಯಾವ ವ್ರತಕ್ಕೂ ಭಂಗವಿಲ್ಲ. ಮನೆಯವರನ್ನು ಕಾಣುವ ಕೆಲಸ ಮಾತ್ರ ಟ್ರಸ್ಟಿನದೇ. ವಾರಿಷೇಣನ ಕಥೆಯ ನಿಜವಾದ ಕೊರತೆ ಇರುವುದೂ ಇಲ್ಲಿಯೇ: 12 ವರ್ಷ ಗಂಡನ ದಾರಿ ಕಾದ ಆ ಒಕ್ಕಣ್ಣಿನ ಹೆಣ್ಣುಮಗಳ ಬಾಗಿಲಿಗೆ ಒಬ್ಬರಾದರೂ ಹೋಗಿ ವಿಚಾರಿಸಿದರೆಂದು ಕಥೆ ಹೇಳುವುದಿಲ್ಲ.