ಜಾಗ ನಮ್ಮಿಂದ ಏನು ಕೇಳಿತು?

ವರ್ಷ ಮುಗಿಯುವ ಹೊತ್ತಿಗೆ ತಿರುಗಾಟದ ಲೆಕ್ಕ ಒಪ್ಪಿಸುವ ರೂಢಿ ಬೆಂಗಳೂರು, ಮೈಸೂರುಗಳನ್ನು ದಾಟಿ ನಮ್ಮ ಹುಣಸೂರು, ಪಿರಿಯಾಪಟ್ಟಣದ ಹುಡುಗ ಹುಡುಗಿಯರ ತನಕ ಬಂದಿದೆ. ಎಷ್ಟು ಬೆಟ್ಟ ಹತ್ತಿದೆವು, ಎಷ್ಟು ಜಲಪಾತ ನೋಡಿದೆವು, ಬೈಕಿನಲ್ಲಿ ಎಷ್ಟು ದೂರ ಹೋದೆವು, ಸಫಾರಿಯಲ್ಲಿ ಹುಲಿ ಕಂಡಿತೋ ಇಲ್ಲವೋ ಎಂಬುದೆಲ್ಲ ಫೋಟೊಗಳ ಜೊತೆ ಸಾಲುಗಟ್ಟಿ ಬರುತ್ತದೆ. ಮನೆ, ಹೊಲ, ಅಂಗಡಿ, ಆಫೀಸು ಬಿಟ್ಟು ಕದಲದಿದ್ದವರು ಹೊರಗೆ ಹೊರಟಿದ್ದಾರೆಂಬುದು ನನಗೆ ಸಂತೋಷದ ಸಂಗತಿಯೇ. ಆದರೆ ಈ ಲೆಕ್ಕದಲ್ಲಿ ಒಂದು ಕೊರತೆ ಇದೆ. ನಾವು ಎಲ್ಲೆಲ್ಲಿಗೆ ಹೋದೆವು ಎಂಬುದು ಅದರಲ್ಲಿರುತ್ತದೆ. ಹೋದ ಜಾಗ ನಮ್ಮಿಂದ ಏನು ಕೇಳಿತು, ನಾವು ಏನು ಕೊಟ್ಟೆವು ಎಂಬುದು ಇರುವುದಿಲ್ಲ. 2025ರ ವರ್ಷವನ್ನು ಈ ಇನ್ನೊಂದು ಅಳತೆಯಿಂದ ನೋಡಿದರೆ ನಮ್ಮ ಸುತ್ತಲಿನ ತಾಲ್ಲೂಕುಗಳ ಚಿತ್ರವೇ ಬೇರೆಯಾಗುತ್ತದೆ. ದುಬಾರಿಯಾದದ್ದು ಹಿಂದಕ್ಕೆ ಸರಿಯುತ್ತದೆ, ಖರ್ಚಿಲ್ಲದ್ದು ಮುಂದಕ್ಕೆ ಬರುತ್ತದೆ.

ಮೊದಲು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟ. ಸಮುದ್ರಮಟ್ಟದಿಂದ 4,300 ಅಡಿಗೂ ಮೇಲೆ ಕೋಡಿನಂತೆ ಒಂಟಿಯಾಗಿ ಎದ್ದಿರುವ ಈ ಬೆಟ್ಟದ ನೆತ್ತಿಯಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿಯಿದೆ. ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಸಾವಿರದ ಚಿಲ್ಲರೆ. ಸಾಕೆನಿಸಿದರೆ ಅಲ್ಲಿ ಬಸ್ಸುಂಟು, ಕಾರುಂಟು. ಬೆಟ್ಟದಪುರದಲ್ಲಿ ಮೆಟ್ಟಿಲನ್ನೇ ನೆಚ್ಚಬೇಕು. ಒಂದು ಮೆಟ್ಟಿಲಿದ್ದಂತೆ ಇನ್ನೊಂದಿಲ್ಲ. ಕೆಲವು ಗೇಣೆತ್ತರ, ಕೆಲವಕ್ಕೆ ಮೊಳಕಾಲನ್ನು ಹೊಟ್ಟೆಯ ತನಕ ಎತ್ತಬೇಕು, ಕೆಲವು ಕಡೆ ಕಲ್ಲು ಜರುಗಿ ಬೇರು ಮೇಲೆದ್ದಿದೆ. ಹೀಗಾಗಿ ಒಂದೇ ಲಯದಲ್ಲಿ ಹತ್ತಲು ಆಗುವುದಿಲ್ಲ. ಪ್ರತಿ ಹೆಜ್ಜೆಗೂ ಕಣ್ಣು ನೆಲ ನೋಡಬೇಕು. ಜಿಮ್ಮಿನಲ್ಲಿ ಓಡಿ ತಯಾರಾದ ಹುಡುಗರು ಮೊದಲ ಅರ್ಧದಲ್ಲೇ ಏದುಸಿರು ಬಿಡುತ್ತಾರೆ, ಹಿಂದೆ ಬರಿಗಾಲಲ್ಲಿ ಬಂದ ಅರವತ್ತರ ಅಜ್ಜಿ ಕುಳಿತೆದ್ದು, ಕುಳಿತೆದ್ದು ಅವರನ್ನು ದಾಟಿ ಹೋಗುತ್ತಾರೆ. ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ಮಂಡಿಗೆ. ಇಳಿಯುವ ಕಷ್ಟವನ್ನು ಯಾರೂ ಮುಂಚೆ ಎಣಿಸಿರುವುದಿಲ್ಲ. ಮಾರನೆ ದಿನ ತೊಡೆ ಅದನ್ನು ನೆನಪಿಸುತ್ತದೆ.

ಈ ಬೆಟ್ಟ ಕೇಳುವುದು ಕಾಲಿನ ಬಲವನ್ನಷ್ಟೇ ಅಲ್ಲ, ಹೊತ್ತಿನ ತಿಳಿವಳಿಕೆಯನ್ನೂ ಕೇಳುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಿಸಿಲು ಕಾದು ಸಂಜೆಗೆ ಗುಡುಗು ಮಳೆ ಬರುವುದು ಈ ಸೀಮೆಯ ರೀತಿ. ಸುತ್ತ ಬಯಲಿರುವಾಗ ಒಂಟಿ ಶಿಖರವೇ ಸಿಡಿಲಿಗೆ ಹತ್ತಿರದ ಗುರಿ. ದೇವರಿಗೆ ಸಿಡಿಲಿನ ಹೆಸರಿಟ್ಟು ನಡೆದುಕೊಂಡು ಬಂದ ಊರಿನವರು ಮುಂಗಾರಿಗೆ ಮುಂಚಿನ ದಿನಗಳಲ್ಲಿ ಬೆಳಿಗ್ಗೆಯೇ ಹತ್ತಿ ಬಿಸಿಲೇರುವ ಮುನ್ನ ಇಳಿಯುತ್ತಾರೆ. ಸೂರ್ಯಾಸ್ತದ ಫೋಟೊಗಾಗಿ ನಾಲ್ಕು ಗಂಟೆಗೆ ಹತ್ತಲು ಶುರುಮಾಡುವ ಗುಂಪುಗಳಿಗೆ ಈ ಪಾಠ ಇನ್ನೂ ಮುಟ್ಟಿಲ್ಲ. ಕಪ್ಪು ಮೋಡ ಕಂಡರೆ ಅರ್ಧಕ್ಕೇ ತಿರುಗಿ ಬರುವುದು ಸೋಲಲ್ಲ ಎಂದು ಅವರಿಗೆ ಹೇಳುವವರು ಬೇಕು.

ಬೆಟ್ಟದ ಇನ್ನೊಂದು ಗುಣವನ್ನು ನಮ್ಮ ಪ್ರವಾಸ ಬರಹಗಳು ಗಮನಿಸಿದ್ದು ಕಡಿಮೆ. ಊರಿನ ಸಂಕೇತಿ ಮನೆಗಳವರಿಂದ ಹಿಡಿದು ಸುತ್ತಲ ಹಳ್ಳಿಗಳ ಒಕ್ಕಲು ಹೆಂಗಸರ ತನಕ ಶಿವರಾತ್ರಿಗೋ ಕಾರ್ತಿಕ ಸೋಮವಾರಕ್ಕೋ ಹರಕೆ ಹೊತ್ತು ಹತ್ತುತ್ತಾರೆ. ಹೊಗೆಸೊಪ್ಪಿನ ಕೆಲಸ, ಹಸು ಕರು, ಅಡುಗೆ ಇವುಗಳ ನಡುವೆ ‘ಸುಮ್ಮನೆ ಬೆಟ್ಟಕ್ಕೆ ಹೋಗಿ ಬರುತ್ತೇನೆ’ ಎಂದರೆ ಮನೆಯಲ್ಲಿ ಒಪ್ಪುವವರು ಯಾರು? ಹರಕೆ ಎಂದರೆ ಯಾರೂ ತಡೆಯುವುದಿಲ್ಲ. ಭಕ್ತಿ ನಿಜವೇ, ಅದರ ಜೊತೆಗೆ ಗೆಳತಿಯರೊಡನೆ ಅರ್ಧ ದಿನದ ಗಾಳಿ, ಮಾತು, ನಗು, ಬುತ್ತಿಯ ಚಿತ್ರಾನ್ನವೂ ಅಷ್ಟೇ ನಿಜ. ಮೇಲಿನಿಂದ ತಮ್ಮ ಊರನ್ನು, ಕೆರೆಯನ್ನು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳನ್ನು ಬೆರಳಿಟ್ಟು ಗುರುತಿಸುವ ಆ ಸಂಭ್ರಮವನ್ನು ನಾನು ಯಾವ ಸಾಹಸ ಶಿಬಿರದಲ್ಲೂ ಕಂಡಿಲ್ಲ. ಚಾರಣ ಎಂಬುದು ಪಟ್ಟಣದವರು ತಂದುಕೊಟ್ಟ ಹವ್ಯಾಸವೆಂದು ತಿಳಿದವರು ಒಮ್ಮೆ ಈ ಮೆಟ್ಟಿಲ ಬಳಿ ನಿಂತು ನೋಡಬೇಕು.

ಹಾಗೆಂದು ಇಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಮೆಟ್ಟಿಲ ಪಕ್ಕದ ಪೊದೆಗಳಲ್ಲಿ ನೀರಿನ ಬಾಟಲಿ, ಗುಟ್ಕಾ ಪಾಕೀಟು. ಬಂಡೆಗಳ ಮೇಲೆ ಪ್ರೇಮಿಗಳ ಹೆಸರು. ಹರಕೆಗೆ ಬಂದವರು, ಚಾರಣಕ್ಕೆ ಬಂದವರು ಇಬ್ಬರೂ ಇದರಲ್ಲಿ ಪಾಲುದಾರರು. ಗುಡಿಯೊಳಗಿನ ಮಡಿ ಬೆಟ್ಟದ ಬುಡದಿಂದಲೇ ಶುರುವಾಗಬೇಕಿತ್ತು.

ಎರಡನೆಯದು ನೀರು. 2025ರಲ್ಲಿ ಮುಂಗಾರು ಬೇಗ ಬಂದು ಕೊಡಗಿನಲ್ಲಿ ಸುರಿದ ಮಳೆಗೆ ಕೆಆರ್‌ಎಸ್ ಜೂನ್‌ನಲ್ಲೇ ತುಂಬಿತು. ಆ ತಿಂಗಳ ಕೊನೆಗೆ ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು. ಆ ನೀರೆಲ್ಲ ಅಣೆಕಟ್ಟೆ ಸೇರುವ ಮುನ್ನ ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲಿಂದ ಧುಮುಕಿ ಹೋಗಿತ್ತು. ಕೊಡಗಿನ ಹಾರಂಗಿ ಜಲಾಶಯದಿಂದ ಬಿಟ್ಟ ನೀರೂ ಕಾವೇರಿಗೆ ಕೂಡಿ ಬರುವುದರಿಂದ ಚುಂಚನಕಟ್ಟೆಯಲ್ಲಿ ಮಳೆಯಿಲ್ಲದ ದಿನವೂ ಹೊಳೆ ಏರಬಹುದು. ನಮ್ಮ ತಲೆಯ ಮೇಲೆ ಬಿಸಿಲಿದೆ ಎಂಬುದು ನೀರಿಗಿಳಿಯಲು ಸಾಕ್ಷಿಯಾಗದು. ಜಲಪಾತ ನಮ್ಮಿಂದ ಕೇಳುವುದು ಇದನ್ನೇ: ಮೇಲೆ ಕೊಡಗಿನಲ್ಲಿ ಏನಾಗಿದೆಯೆಂದು ವಿಚಾರಿಸಿಕೊಂಡು ಬಾ. ರೀಲ್ಸ್‌ಗಾಗಿ ಪಾಚಿಗಟ್ಟಿದ ಬಂಡೆಯ ಅಂಚಿಗೆ ಹೋಗುವವರು ಆ ವಿಚಾರಣೆ ಮಾಡುವುದಿಲ್ಲ. ದಡದ ಕೋದಂಡರಾಮನ ಗರ್ಭಗುಡಿಯಲ್ಲಿ ನಿಂತರೆ ಜಲಪಾತದ ಭೋರ್ಗರೆತ ಕೇಳುವುದಿಲ್ಲ ಎಂಬುದು ಇಲ್ಲಿಯವರ ಮಾತು. ಹೊರಗೆ ನಿಂತವರಾದರೂ ಆ ಸದ್ದನ್ನು ಎಚ್ಚರಿಕೆಯೆಂದು ಕೇಳಿಸಿಕೊಳ್ಳಬೇಕು.

ಅದೇ ಚುಂಚನಕಟ್ಟೆ ಸಂಕ್ರಾಂತಿಯ ಆಸುಪಾಸಿನಲ್ಲಿ ಬೇರೆಯೇ ಮುಖ ತೋರುತ್ತದೆ. ದನಗಳ ಜಾತ್ರೆ ಕಟ್ಟುತ್ತದೆ. ಹಳ್ಳಿಕಾರ್ ಜೋಡಿಗಳನ್ನು ಶಾಮಿಯಾನ ಹಾಕಿ ಕಟ್ಟಿ, ಕೊಂಬಿಗೆ ಕಳಸ ಹಾಕಿ, ಬೆನ್ನಿಗೆ ಬಟ್ಟೆ ಹೊದಿಸಿ ರೈತರು ಅಲ್ಲೇ ಬಿಡಾರ ಹೂಡುತ್ತಾರೆ. ಹಲ್ಲು ನೋಡಿ ವಯಸ್ಸು ಹೇಳುವುದು, ಸುಳಿ ನೋಡುವುದು, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದು ಒಂದು ದಿನದಲ್ಲಿ ಕಲಿಯುವ ವಿದ್ಯೆಗಳಲ್ಲ. ಮಳೆಗಾಲದಲ್ಲಿ ಚುಂಚನಕಟ್ಟೆಗೆ ಹೋಗಿ ಅರ್ಧ ಗಂಟೆಯಲ್ಲಿ ಹಿಂತಿರುಗುವವರು ಜನವರಿಯಲ್ಲಿ ಒಂದು ರಾತ್ರಿ ಅಲ್ಲಿದ್ದು ಬಂದರೆ, ಒಂದೇ ಊರಿಗೆ ಎರಡು ಸಲ ಹೋದದ್ದು ಎರಡು ಊರಿಗೆ ಒಂದೊಂದು ಸಲ ಹೋದದ್ದಕ್ಕಿಂತ ಹೆಚ್ಚೆಂದು ಅವರಿಗೇ ಗೊತ್ತಾಗುತ್ತದೆ.

ಮೂರನೆಯದು ಆಟ. ನೋಡುವ ಆಟಕ್ಕೂ ಆಡುವ ಆಟಕ್ಕೂ ನಮ್ಮಲ್ಲಿ ಅಂತರ ಬೆಳೆಯುತ್ತಿರುವ ಕಾಲದಲ್ಲಿ 2025 ಒಂದು ಒಳ್ಳೆಯ ಸುದ್ದಿಯಿಂದಲೇ ಆರಂಭವಾಯಿತು. ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಮಣಿಸಿದರು. ಆ ತಂಡದಲ್ಲಿ ನಮ್ಮ ಮೈಸೂರು ಜಿಲ್ಲೆಯದೇ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು, ಫೈನಲ್‌ನಲ್ಲಿ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಎದುರಾಳಿಗಳ ಕೈಗೆ ಸಿಗದೆ ಉಳಿದ ಓಟದಲ್ಲಿ ಅವರದೂ ಪಾಲಿತ್ತು. ಖೋ ಖೋ ಆಡಿದವರಿಗೆ ಇದರ ಭಾರ ಗೊತ್ತು. ಅಟ್ಟುವವರು ಮಧ್ಯದ ಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಿರುಗುವಂತಿಲ್ಲ. ಆದರೆ ತಪ್ಪಿಸಿಕೊಳ್ಳುವವರ ಎಡಕ್ಕೂ ಬಲಕ್ಕೂ ‘ಖೋ’ ಬಿದ್ದೊಡನೆ ಏಳಲು ಕಾದು ಕುಳಿತವರಿರುತ್ತಾರೆ. ಅವರ ಭುಜದ ಅಲುಗಾಟದಿಂದಲೇ ಮುಂದಿನ ಖೋ ಯಾರಿಗೆಂದು ಊಹಿಸಬೇಕು. ಇದಕ್ಕೆ ಬೇಕಾದ್ದು ಎರಡು ಕಂಬ, ಸುಣ್ಣದ ಗೆರೆ, ಸಮ ಮಾಡಿದ ಮಣ್ಣು ಮತ್ತು ಸಂಜೆ ಸಂಜೆ ತಪ್ಪದೆ ಬರುವ ಒಬ್ಬ ತರಬೇತುದಾರ. ಹಳ್ಳಿಯ ಶಾಲೆಯ ಅಂಗಳ ಇದನ್ನು ಕೊಡಬಲ್ಲದು ಎಂದು ಕುರುಬೂರು ತೋರಿಸಿತು. ಪ್ರತಿ ವರ್ಷ ತಾಲ್ಲೂಕಿನಿಂದ ಶುರುವಾಗಿ ರಾಜ್ಯಮಟ್ಟಕ್ಕೆ ಏರುವ ದಸರಾ ಕ್ರೀಡಾಕೂಟಗಳಿಗೆ ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಿಂದ ಬರುವ ಹೆಣ್ಣುಮಕ್ಕಳಲ್ಲೂ ಅದೇ ಚುರುಕಿದೆ. ಹತ್ತನೇ ತರಗತಿ ಮುಗಿದ ಮೇಲೆ ಅವರಿಗೆ ಅಂಗಳವೇ ಇರುವುದಿಲ್ಲ ಎಂಬುದು ನಮ್ಮ ತಾಲ್ಲೂಕುಗಳ ದೊಡ್ಡ ಲೋಪ.

ಕುಸ್ತಿಯದೂ ಇದೇ ಜಾತಿಯ ವಿದ್ಯೆ. ಮೈಸೂರು ದಸರೆಯಲ್ಲಿ ನಾಡಕುಸ್ತಿಗೆ ದಿನಗಳ ಮುಂಚೆಯೇ ಜೋಡಿ ಕಟ್ಟುತ್ತಾರೆ. ಅದನ್ನು ನೋಡುವುದೇ ಒಂದು ಶಿಕ್ಷಣ. ಇಬ್ಬರು ಹುಡುಗರನ್ನು ಎದುರು ಬದುರು ನಿಲ್ಲಿಸಿ, ಎತ್ತರ, ತೂಕ, ಹಿಂದಿನ ಹಿಡಿತಗಳ ಲೆಕ್ಕ ಹಾಕಿ, ಗರಡಿಯ ಹಿರಿಯರು ಒಪ್ಪಿದ ಮೇಲೆ ಕೈ ಕೂಡಿಸುತ್ತಾರೆ. ಸಲೀಸಾಗಿ ಗೆಲ್ಲುವ ಜೋಡಿಯನ್ನು ಹಿರಿಯರು ಕಟ್ಟುವುದಿಲ್ಲ; ಅದು ಗೆದ್ದವನಿಗೂ ಮರ್ಯಾದೆಯಲ್ಲ. ಎಣ್ಣೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿಯಲ್ಲಿ ಸೋತವನು ಮೈಕೊಡವಿ ಎದ್ದು ಗೆದ್ದವನ ಕೈಹಿಡಿಯುವುದನ್ನು ಕಂಡರೆ, ಸಾಹಸವೆಂಬುದಕ್ಕೆ ಎದುರಾಳಿಯ ಮೇಲಿನ ಗೌರವವೂ ಸೇರಿದೆ ಎಂದು ತಿಳಿಯುತ್ತದೆ.

ನಾಲ್ಕನೆಯದು ಕಾಡು, ಮತ್ತು ನನ್ನ ತಕರಾರು ಹೆಚ್ಚಾಗಿರುವುದು ಇಲ್ಲಿ. ಎಚ್.ಡಿ. ಕೋಟೆಯ ಕಾಕನಕೋಟೆ ಕಾಡು ಒಂದು ಕಾಲಕ್ಕೆ ಖೆಡ್ಡಾಗಳಿಗೆ ಹೆಸರಾಗಿತ್ತು. ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ 1870ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಪರಿಚಯಿಸಿದ ಈ ಆನೆ ಹಿಡಿಯುವ ಪದ್ಧತಿ ಮುಂದೆ ರಾಜ ಅತಿಥಿಗಳ ನೋಟವೂ ಆಯಿತು. ಕಾಡು ಬಲ್ಲ ಕುರುಬರು ಆನೆಗಳನ್ನು ಅಟ್ಟಿ ತರುತ್ತಿದ್ದರು, ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರ ಹೊತ್ತಿಗೆ ಕಬಿನಿ ಅಣೆಕಟ್ಟೆ ಮುಗಿದು ಆ ಕಾಡಿನ ಒಂದು ಭಾಗ ಹಿನ್ನೀರಿನಡಿ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚಿಗುರುವ ಹಸಿರಿಗೆ ಆನೆಗಳ ಹಿಂಡು ಹಿಂಡೇ ಬರುತ್ತದೆ. ಸಫಾರಿಯ ಜೀಪುಗಳಿಂದ ನಾವು ನೋಡುವುದು ಅದನ್ನೇ. ಆನೆ ಹಿಡಿಯುವುದು ನಿಂತಿತು, ಅದು ದೊಡ್ಡ ಮುನ್ನಡೆ. ಆದರೆ ಕುಳಿತು ನೋಡುವವರು ಒಂದು ಕಡೆ, ಕಾಡಿನ ಅರಿವಿರುವವರು ಇನ್ನೊಂದು ಕಡೆ ಎಂಬ ಏರ್ಪಾಟು ಹಾಗೆಯೇ ಉಳಿಯಿತು. ನಾಗರಹೊಳೆಯಿಂದ ಹೊರಬಂದ ಜೇನುಕುರುಬರು, ಬೆಟ್ಟಕುರುಬರು ಕಾಡಂಚಿನ ಹಾಡಿಗಳಲ್ಲಿದ್ದಾರೆ. ಅವರ ಕಾಡಿಗೆ ಟಿಕೆಟ್ ಕೊಂಡು ನಾವು ಹೋಗುತ್ತೇವೆ.

ಸಫಾರಿಯ ಪರವಾಗಿ ಹೇಳಬೇಕಾದದ್ದನ್ನು ಹೇಳಲೇಬೇಕು. ನಡೆಯಲಾಗದ ವೃದ್ಧರಿಗೆ, ಅಂಗವಿಕಲರಿಗೆ ಕಾಡು ಕಾಣುವ ದಾರಿ ಅದೊಂದೇ. ಚಾಲಕರು, ಮಾರ್ಗದರ್ಶಕರು, ರೆಸಾರ್ಟಿನ ಕೆಲಸಗಾರರು ಸೇರಿ ಎಷ್ಟೋ ಸ್ಥಳೀಯ ಮನೆಗಳ ಒಲೆ ಅದರಿಂದ ಉರಿಯುತ್ತದೆ. ಒಳ್ಳೆಯ ಚಾಲಕ ಎಂಜಿನ್ ನಿಲ್ಲಿಸಿ, ಜಿಂಕೆಯ ಎಚ್ಚರಿಕೆಯ ಕೂಗು ಯಾವ ದಿಕ್ಕಿನದೆಂದು ಕಿವಿಗೊಟ್ಟು ಹೇಳುವಾಗ ಅದೂ ಒಂದು ವಿದ್ಯೆಯೇ. ಆದರೆ ಪ್ರವಾಸಿಯಿಂದ ಸಫಾರಿ ಹಣ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಹುಲಿ ಕಾಣದಿದ್ದರೆ ದುಡ್ಡು ದಂಡ ಎನ್ನುವ ಮಾತು ಸಫಾರಿ ಹೊರಡುವ ದಮ್ಮನಕಟ್ಟೆಯಿಂದ ಹೊರಬರುವ ವಾಹನಗಳಲ್ಲಿ ಕೇಳಿಬರುವುದು ಅದಕ್ಕೇ.

ಆ ಮಾತಿನ ಇನ್ನೊಂದು ಮುಖ 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಕಂಡಿತು. ಎಚ್.ಡಿ. ಕೋಟೆ ಪಕ್ಕದ ಸರಗೂರು ಭಾಗದ ಹೊಲಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ನವೆಂಬರ್ ಮೊದಲ ವಾರದ ಕೊನೆಗೆ ಅರಣ್ಯ ಸಚಿವ ಈಶ್ವರ ಖಂಡ್ರೆ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಲು ಸೂಚಿಸಿ, ಅದರ ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಬಳಸುವಂತೆ ಹೇಳಿದರು. ಸಫಾರಿಯ ಗದ್ದಲಕ್ಕೇ ಹುಲಿ ಹೊರಬರುತ್ತದೆ ಎಂಬುದು ರೈತರ ದೂರು. ಅದನ್ನು ಒಪ್ಪದ ವನ್ಯಜೀವಿ ತಜ್ಞರೂ ಇದ್ದಾರೆ. ಆ ವಾದ ಏನೇ ಆಗಲಿ, ಒಂದು ಸಂಗತಿಯಲ್ಲಿ ಅನುಮಾನವಿಲ್ಲ. ನಾವು ನೋಡಲು ಹಾತೊರೆಯುವ ಹುಲಿಗೆ ಬೆಲೆ ತೆರುವವರು ಕಾಡಂಚಿನ ಬೇಸಾಯಗಾರರು. ದನ ಮೇಯಿಸಲು, ಹತ್ತಿ ಬಿಡಿಸಲು ಹೋದವರು ಸಂಜೆ ಮನೆಗೆ ಬಂದರೋ ಎಂದು ಕಾಯುವ ಮನೆಗಳ ಪಕ್ಕದಲ್ಲೇ ನಮ್ಮ ವಾರಾಂತ್ಯ ನಡೆದಿತ್ತು. ವರ್ಷದ ಲೆಕ್ಕದಲ್ಲಿ ‘ಹುಲಿ ಕಂಡಿತು’ ಎಂದು ಬರೆದವರು ಈ ಸಾಲನ್ನೂ ಬರೆಯಬೇಕು.

ಹೀಗೆ ತೂಗಿದರೆ ನನ್ನ ತೀರ್ಮಾನ ಸ್ಪಷ್ಟ. ನಮ್ಮ ಸೀಮೆಯ ಹೊರಾಂಗಣ ಬದುಕಿನಲ್ಲಿ ಗಟ್ಟಿಯಾದದ್ದು ಬೆಟ್ಟದ ಮೆಟ್ಟಿಲು, ಜಾತ್ರೆಯ ಬಯಲು, ಗರಡಿ ಮತ್ತು ಶಾಲೆಯ ಅಂಗಳ. ಇವು ಮೈಯನ್ನು ಕೇಳುತ್ತವೆ, ಹೊತ್ತು ತಿಳಿ ಎನ್ನುತ್ತವೆ, ಹಿರಿಯರ ಬಳಿ ಕಲಿ ಎನ್ನುತ್ತವೆ. ಪ್ರಚಾರವೂ ಹಣವೂ ಹರಿಯುತ್ತಿರುವುದು ಮಾತ್ರ ಏನನ್ನೂ ಕೇಳದ ಕಡೆಗೆ. 2024ರ ಜನವರಿಯಲ್ಲಿ ಪಶ್ಚಿಮ ಘಟ್ಟದ ಕುಮಾರ ಪರ್ವತಕ್ಕೆ ಜನ ನುಗ್ಗಿದ ಮೇಲೆ ಸರ್ಕಾರ ಕಾಡಿನ ಚಾರಣಗಳಿಗೆ ಆನ್‌ಲೈನ್ ಟಿಕೆಟ್, ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಮಿತಿ ಬೇಕಿತ್ತು, ಸರಿ. ಆದರೆ ಬರುವವರ ಸಂಖ್ಯೆ ಕಡಿಮೆ ಮಾಡುವುದರಿಂದ ಬಂದವರ ನಡತೆ ತಿದ್ದಿದಂತಾಗುವುದಿಲ್ಲ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಬೆಟ್ಟದಪುರದ ಜರುಗಿದ ಮೆಟ್ಟಿಲುಗಳನ್ನು ಸಿಮೆಂಟು ಮೆತ್ತದೆ ಕಲ್ಲಿನಿಂದಲೇ ಕೂರಿಸಬೇಕು. ಬುಡದಲ್ಲಿ ಸಿಡಿಲಿನ ಕಾಲದ ಎಚ್ಚರಿಕೆ ಬರೆದ ಒಂದು ಫಲಕ ಬೇಕು. ಚುಂಚನಕಟ್ಟೆಯಲ್ಲಿ ಹೊಳೆಯ ಮಟ್ಟವನ್ನು ದಿನವೂ ಬರೆದು ಹಾಕಬೇಕು. ತಾಲ್ಲೂಕಿಗೊಂದರಂತೆಯಾದರೂ ಓದು ಬಿಟ್ಟ ಹೆಣ್ಣುಮಕ್ಕಳಿಗೂ ಸಂಜೆ ತೆರೆದಿರುವ ಆಟದ ಅಂಗಳ ಬೇಕು. ಸಫಾರಿ ನಡೆಯುವುದಾದರೆ ಅದರ ಆದಾಯದಲ್ಲಿ ಕಾಡಂಚಿನ ಊರುಗಳ ಪಾಲು ಎಷ್ಟೆಂದು ಟಿಕೆಟ್ಟಿನ ಮೇಲೇ ಅಚ್ಚಾಗಬೇಕು. ಇನ್ನು ನಮ್ಮ ನಮ್ಮ ಮಟ್ಟಿಗೆ, ಮುಂದಿನ ವರ್ಷದ ಪಟ್ಟಿಗೆ ಹೊಸ ಹೆಸರು ಸೇರಿಸುವ ಮುನ್ನ ಈ ವರ್ಷ ಹೋದ ಒಂದು ಜಾಗಕ್ಕೆ ಇನ್ನೊಂದು ಋತುವಿನಲ್ಲಿ ಹೋಗೋಣ. ಅಲ್ಲಿಯವರನ್ನು ಕೇಳಿಕೊಂಡು ಹೋಗೋಣ. ಎರಡನೆಯ ಸಲ ಹೋದಾಗಲೇ ಜಾಗ ತನಗೆ ಬೇಕಾದ್ದನ್ನು ನಮ್ಮಿಂದ ಕೇಳಲು ಶುರುಮಾಡುವುದು.