ಕರುಳಿನ ಕೊನೆಯ ನಾಲ್ಕು ಸೆಂಟಿಮೀಟರ್

ಜೂಲಿಯಾ ಎಂಡರ್ಸ್ ಅವರ 'ಡಾರ್ಮ್ ಮಿಟ್ ಶಾರ್ಮ್' 2014ರಲ್ಲಿ ಜರ್ಮನಿಯಲ್ಲಿ ಪ್ರಕಟವಾದಾಗ ಲೇಖಕಿ ಇನ್ನೂ ವೈದ್ಯಕೀಯ ಓದುತ್ತಿದ್ದ ಯುವತಿ. ಶೀರ್ಷಿಕೆಯನ್ನು ಕನ್ನಡದಲ್ಲಿ 'ಚೆಲುವುಳ್ಳ ಕರುಳು' ಎನ್ನಬಹುದೇನೋ. ಮರುವರ್ಷ ಅದು 'ಗಟ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂತು. ನಾನು ಓದಿದ್ದು ಆ ಅನುವಾದವನ್ನು. ಲೇಖಕಿಯ ಸಹೋದರಿ ಜಿಲ್ ಬರೆದ ತಮಾಷೆಯ ರೇಖಾಚಿತ್ರಗಳಿರುವ ಈ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆ ಇವತ್ತು ಜನ ಮಾತಾಡುವ ಧಾಟಿಯ ಹಿಂದೆ ಇಂಥ ಪುಸ್ತಕಗಳಿವೆ. ಹಾಗಾಗಿ ಅದನ್ನು ಆರೋಗ್ಯದ ಕೈಪಿಡಿ ಎಂದು ಪಕ್ಕಕ್ಕಿಡದೆ, ಸಾಹಿತ್ಯ ಕೃತಿಯನ್ನು ಓದುವ ಹಾಗೆ, ಅದರ ರೂಪಕಗಳ ಮೇಲೆ ಕಣ್ಣಿಟ್ಟು ಓದಬೇಕು ಅನ್ನಿಸಿತು.

ಮೊದಲ ಅಧ್ಯಾಯವೇ ಪುಸ್ತಕದ ಅತ್ಯುತ್ತಮ ಬರವಣಿಗೆ. ಮಲವಿಸರ್ಜನೆ ಹೇಗೆ ನಡೆಯುತ್ತದೆ ಎಂಬ ಸರಳ ಪ್ರಶ್ನೆಯಿಂದ ಅದು ಶುರುವಾಗುತ್ತದೆ. ಗುದದ್ವಾರಕ್ಕೆ ಎರಡು ಬಾಗಿಲುಗಳಿವೆ. ಹೊರಗಿನ ಸ್ನಾಯು ನಮ್ಮ ಮಾತು ಕೇಳುತ್ತದೆ, ಒಳಗಿನದು ಕೇಳುವುದಿಲ್ಲ. ಒಳಬಾಗಿಲು ಸ್ವಲ್ಪ ತೆರೆದು ಒಂದು ಮಾದರಿಯನ್ನು ಮುಂದೆ ಬಿಡುತ್ತದೆ, ಅಲ್ಲಿನ ಸಂವೇದನಕೋಶಗಳು ಅದು ಗಾಳಿಯೋ ಗಟ್ಟಿಯೋ ಎಂದು ನೋಡಿ ಮಿದುಳಿಗೆ ತಿಳಿಸುತ್ತವೆ, ಈಗ ಹೊತ್ತು ಸರಿಯಿದೆಯೇ ಎಂದು ಮಿದುಳು ತೀರ್ಮಾನಿಸುತ್ತದೆ. ಮುಜುಗರದ ಜಾಗವೊಂದನ್ನು ಎಂಡರ್ಸ್ ಹೀಗೆ ಕುತೂಹಲದ ಜಾಗವಾಗಿ ಮಾಡುತ್ತಾರೆ. ಇಲ್ಲಿನ ರೂಪಕ ಕೆಲಸ ಮಾಡುವುದು ಅದು ರಚನೆಗೆ ನಿಷ್ಠವಾಗಿರುವುದರಿಂದ.

ಮೂರನೆಯ ಭಾಗಕ್ಕೆ, ಅಂದರೆ ಸೂಕ್ಷ್ಮಜೀವಿಗಳ ಲೋಕಕ್ಕೆ ಬಂದಾಗ ಈ ನಿಷ್ಠೆ ಸಡಿಲವಾಗುತ್ತದೆ. ನಮ್ಮೊಳಗೆ ನೂರು ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ತೂಕ ಎರಡು ಕಿಲೋವರೆಗೆ ಎನ್ನುತ್ತದೆ ಪುಸ್ತಕ. ಆಗ ಎಲ್ಲರೂ ಹೇಳುತ್ತಿದ್ದ ಲೆಕ್ಕ ಅದು. 2016ರಲ್ಲಿ ಸೆಂಡರ್, ಫುಕ್ಸ್, ಮೈಲೋ ಎಂಬ ವಿಜ್ಞಾನಿಗಳು ಮತ್ತೆ ಎಣಿಸಿ, ಸುಮಾರು 38 ಲಕ್ಷ ಕೋಟಿ, ತೂಕ ಸುಮಾರು 200 ಗ್ರಾಂ ಎಂದರು. ಇದಕ್ಕೆ ಲೇಖಕಿಯನ್ನು ದೂರಬೇಕಿಲ್ಲ. ನನ್ನ ತಕರಾರು ಇರುವುದು 'ಒಳ್ಳೆಯ ಬ್ಯಾಕ್ಟೀರಿಯಾ', 'ಕೆಟ್ಟ ಬ್ಯಾಕ್ಟೀರಿಯಾ' ಎಂಬ ವಿಂಗಡಣೆಯ ಮೇಲೆ. ಹೆಲಿಕೋಬ್ಯಾಕ್ಟರ್ ಕುರಿತ ಪುಟಗಳಲ್ಲಿ ಒಂದೇ ಜೀವಿ ಕೆಡುಕನ್ನೂ ಒಳಿತನ್ನೂ ಮಾಡಬಲ್ಲದೆಂದು ಎಂಡರ್ಸ್ ಚೆನ್ನಾಗಿಯೇ ತೋರಿಸುತ್ತಾರೆ. ಆದರೂ ಅಧ್ಯಾಯಗಳ ಹೆಸರಿನಲ್ಲಿ, ಓದುಗರ ನೆನಪಿನಲ್ಲಿ ಉಳಿಯುವುದು ಪುರಾಣದ ದೇವ-ದಾನವರಂಥ ಎರಡು ಪಕ್ಷಗಳೇ.

ಈ ವಿಂಗಡಣೆ ಎಲ್ಲಿ ಮುರಿದುಬೀಳುತ್ತದೆ ಎಂದು ನೋಡಲು ಗುದದ್ವಾರಕ್ಕೇ ವಾಪಸ್ಸು ಹೋಗಬೇಕು. ಗುದನಾಳದ ಒಳಗೋಡೆಯಲ್ಲಿ ಹಲ್ಲಿನ ಸಾಲಿನಂತೆ ಕಾಣುವ ಒಂದು ಗೆರೆಯಿದೆ. ಅಲ್ಲಿ ಸಣ್ಣ ಸಣ್ಣ ಗ್ರಂಥಿಗಳ ಬಾಯಿಗಳಿವೆ. ಅವುಗಳಲ್ಲಿ ಹಲವು, ಎಂಡರ್ಸ್ ಬಣ್ಣಿಸಿದ ಆ ಎರಡು ಬಾಗಿಲುಗಳ ನಡುವಿನ ಜಾಗದವರೆಗೆ ಇಳಿದಿರುತ್ತವೆ. ಫಿಸ್ಟುಲಾ ಬಹುಪಾಲು ಈ ಗ್ರಂಥಿಗಳ ಸೋಂಕಿನಿಂದಲೇ ಹುಟ್ಟುತ್ತದೆ ಎಂದು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ಅಲನ್ ಪಾರ್ಕ್ಸ್ 1961ರಲ್ಲಿ ವಾದಿಸಿದರು. ಕ್ರೋನ್ಸ್ ಕಾಯಿಲೆ, ಕ್ಷಯದಂಥ ಬೇರೆ ಕಾರಣಗಳೂ ಇವೆ, ಆದರೆ ಪಾರ್ಕ್ಸ್ ವಿವರಣೆ ಇವತ್ತಿಗೂ ಪಠ್ಯಪುಸ್ತಕಗಳಲ್ಲಿದೆ. ಗ್ರಂಥಿಯ ಬಾಯಿ ಕಟ್ಟಿಕೊಂಡು ಒಳಗೆ ಕೀವು ತುಂಬುತ್ತದೆ. ಕೀವು ದಾರಿ ಹುಡುಕಿಕೊಂಡು ಚರ್ಮದ ಕಡೆ ಒಡೆಯುತ್ತದೆ. ಆ ದಾರಿ ಮುಚ್ಚದೆ ಉಳಿದರೆ ಅದೇ ಫಿಸ್ಟುಲಾ.

ಆ ಕೀವಿನಲ್ಲಿ ಸಿಗುವವರು ಯಾರು? ಹೆಚ್ಚಾಗಿ ಇ. ಕೋಲಿ, ಬ್ಯಾಕ್ಟೀರಾಯ್ಡಿಸ್. ಒಂದು ಗೇಣು ಮೇಲೆ, ದೊಡ್ಡ ಕರುಳಿನಲ್ಲಿ ಯಾರಿಗೂ ತೊಂದರೆ ಕೊಡದೆ ವಾಸವಿರುವವರೇ. ಕೀವಿನಲ್ಲಿ ಚರ್ಮದ ಸ್ಟಾಫಿಲೋಕಾಕಸ್ ಮಾತ್ರ ಸಿಕ್ಕರೆ ಅದು ಬರೀ ಕುರು ಆಗಿರುವ ಸಂಭವ ಹೆಚ್ಚು. ಕರುಳಿನ ಬ್ಯಾಕ್ಟೀರಿಯಾ ಸಿಕ್ಕರೆ ಒಳಗಿನಿಂದ ದಾರಿಯಿದೆಯೇ ಎಂಬ ಅನುಮಾನ ಹುಟ್ಟುತ್ತದೆ. ಇಲ್ಲಿ ಬ್ಯಾಕ್ಟೀರಿಯಾದ ಗುಣ ಬದಲಾಗಿಲ್ಲ, ಅದು ಇರುವ ಜಾಗ ಬದಲಾಗಿದೆ. ಮೂಲವ್ಯಾಧಿಯ ವಿಷಯದಲ್ಲಂತೂ ಇಷ್ಟು ಖಚಿತವಾಗಿಯೂ ಮಾತಾಡಲಾಗದು. ರೋಗಿಗಳ ಕರುಳಿನ ಬ್ಯಾಕ್ಟೀರಿಯಾ ಸಮುದಾಯ ಬೇರೆ ಥರ ಇದ್ದರೂ ಅದು ಕಾರಣವೋ, ಮಲಬದ್ಧತೆಯ ಪರಿಣಾಮವೋ ತೀರ್ಮಾನವಾಗಿಲ್ಲ. ಒಳ್ಳೆಯದು-ಕೆಟ್ಟದ್ದು ಎಂಬ ಕಥನಕ್ಕೆ ಇಂಥ ಅನಿಶ್ಚಿತತೆಯನ್ನು ಹೊರುವ ಶಕ್ತಿಯಿಲ್ಲ.

ಇದು ಬರೀ ಶೈಲಿಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬ್ಯಾಕ್ಟೀರಿಯಾಕ್ಕೆ ಹಚ್ಚಿದ ನೀತಿಯ ಬಣ್ಣ ಬೇಗ ರೋಗಿಗೂ ಹತ್ತುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಸಾಕಿಕೊಳ್ಳುವುದು ನಮ್ಮ ಕೈಯಲ್ಲಿದ್ದರೆ, ಕಾಯಿಲೆ ಬಂದವರು ಸಾಕಲಿಲ್ಲ ಎಂದಾಯಿತಲ್ಲ? ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಗೆಳೆಯನೊಬ್ಬ ಗುದದ ಬಳಿಯ ಕುರುವಿಗೆ ಮೂಲವ್ಯಾಧಿಯ ಮುಲಾಮು ಹಚ್ಚಿಕೊಂಡು ಮೂರು ತಿಂಗಳು ಕಳೆದ. ಖಾರ ಬಿಟ್ಟ, ಹೊರಗಿನ ಊಟ ಬಿಟ್ಟ, ಎರಡು ಹೊತ್ತು ಮಜ್ಜಿಗೆ ಕುಡಿದ, ಯಾರಿಗೂ ಹೇಳಲಿಲ್ಲ. ಕೊನೆಗೆ ಫಿಸ್ಟುಲಾ ಎಂದು ಗೊತ್ತಾಗಿ ಶಸ್ತ್ರಚಿಕಿತ್ಸೆ ಆಯಿತು. ತಾನು ತಿಂದದ್ದರ ಫಲ ಎಂದು ಅವನು ನಂಬಿದ್ದ. ಮಜ್ಜಿಗೆಯಿಂದ ಕೆಡುಕೇನೂ ಆಗಲಿಲ್ಲ, ಆದರೆ ಸುರಂಗ ಮಜ್ಜಿಗೆಯಿಂದ ಮುಚ್ಚುವುದಿಲ್ಲ.

ನಮ್ಮ ಕಡೆಯ ಓದುಗರು ನಿಂತು ಯೋಚಿಸುವ ಇನ್ನೊಂದು ಜಾಗವಿದೆ. ಕುಕ್ಕರುಗಾಲಿನಲ್ಲಿ ಕೂರುವ ದೇಶಗಳ ಜನರಿಗೆ ಮೂಲವ್ಯಾಧಿಯ ಕಾಟ ಕಡಿಮೆ ಎನ್ನುತ್ತಾರೆ ಎಂಡರ್ಸ್. ಹಾಗೆ ಕೂತಾಗ ಗುದನಾಳದ ಬಾಗು ನೇರವಾಗುತ್ತದೆ ಎಂಬ ವಿವರಣೆ ಸರಿಯೇ. ಆದರೆ ತಲೆಮಾರುಗಳಿಂದ ಹಾಗೇ ಕೂತ ನಮ್ಮ ಊರುಗಳ ಬಸ್ ನಿಲ್ದಾಣದ ಗೋಡೆಗಳಲ್ಲಿ 'ಮೂಲವ್ಯಾಧಿ, ಫಿಶರ್, ಫಿಸ್ಟುಲಾ' ಎಂಬ ಬೋರ್ಡುಗಳಿಗೆ ಬರವೇನಿಲ್ಲ. ಪುಸ್ತಕದಲ್ಲಿ ನಾವು ಪಾಶ್ಚಾತ್ಯ ಕಮೋಡಿಗೆ ಉತ್ತರವಾಗಿ ಬರುತ್ತೇವೆಯೇ ಹೊರತು ನೋವಿರುವ ಜನರಾಗಿ ಬರುವುದಿಲ್ಲ.

ಹಾಗಾದರೆ ರೂಪಕವೇ ಬೇಡವೇ? ಸೂಸನ್ ಸೊಂಟಾಗ್ 1978ರ 'ಇಲ್‌ನೆಸ್ ಆ್ಯಸ್ ಮೆಟಫರ್'ನಲ್ಲಿ ಕಾಯಿಲೆಯನ್ನು ರೂಪಕಗಳಿಂದ ಬಿಡಿಸಬೇಕೆಂದರು. ನನಗೆ ಅದು ಸಾಧ್ಯ ಎನ್ನಿಸುವುದಿಲ್ಲ, ಎಲ್ಲ ಕಡೆ ಬೇಕೆಂದೂ ಎನ್ನಿಸುವುದಿಲ್ಲ. ಸುಶ್ರುತ ಸಂಹಿತೆ ಭಗಂದರವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಒಂದರ ಹೆಸರು ಉಷ್ಟ್ರಗ್ರೀವ, ಅಂದರೆ ಒಂಟೆಯ ಕತ್ತು. ಇನ್ನೊಂದು ಶಂಬೂಕಾವರ್ತ, ಶಂಖದ ಸುರುಳಿ. ಅದರ ವಾತ-ಪಿತ್ತ-ಕಫಗಳ ಕಾರಣಮೀಮಾಂಸೆಯನ್ನು ನಾವು ಒಪ್ಪಬೇಕಿಲ್ಲ. ಆದರೆ ಈ ಹೆಸರುಗಳು ಕಾಯಿಲೆಯ ಆಕಾರವನ್ನು ಹೇಳುತ್ತವೆ, ರೋಗಿಯ ನಡತೆಯನ್ನಲ್ಲ. ಎಂಡರ್ಸ್ ಅವರ ಎರಡು ಬಾಗಿಲುಗಳೂ ಇದೇ ಜಾತಿಯವು. ಅವರು ಅದೇ ಕಣ್ಣನ್ನು ಬ್ಯಾಕ್ಟೀರಿಯಾಗಳ ಮೇಲೂ ಇಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಕನ್ನಡದಲ್ಲಿ ಇಂಥದೊಂದು ಪುಸ್ತಕ ಬರೆಯುವವರ ಕಷ್ಟವೇ ಬೇರೆ. ಕರುಳಿಗೆ ಚೆಲುವು ತಂದುಕೊಡುವ ಕೆಲಸ ನಮ್ಮ ಭಾಷೆಯಲ್ಲಿ ಯಾವತ್ತೋ ಆಗಿದೆ. ಹೆತ್ತ ಕರುಳು ಎನ್ನುತ್ತೇವೆ, ಕರುಳಬಳ್ಳಿ ಎನ್ನುತ್ತೇವೆ, ಪರರ ಸಂಕಟ ಕಂಡರೆ ಕರುಳು ಚುರುಕ್ ಎನ್ನುತ್ತದೆ. ಇಷ್ಟು ಮಮತೆಯ ಕರುಳು ಕೊನೆಯ ನಾಲ್ಕು ಸೆಂಟಿಮೀಟರಿಗೆ ಬರುತ್ತಲೇ ಬೈಗುಳವಾಗುತ್ತದೆ, ಇಲ್ಲವೇ ಆಸ್ಪತ್ರೆಯ ಸಂಸ್ಕೃತವಾಗುತ್ತದೆ. ನಡುವೆ, ವೈದ್ಯರ ಮುಂದೆ ಕೂತು ಹೇಳಿಕೊಳ್ಳಬಹುದಾದ ಸಾದಾ ಮಾತು ಕಡಿಮೆ. ಅದಕ್ಕೇ ಎಲ್ಲ ನೋವೂ 'ಮೂಲವ್ಯಾಧಿ' ಎಂಬ ಒಂದೇ ಚೀಲಕ್ಕೆ ಬೀಳುತ್ತದೆ.

ಅಂಥ ಪುಸ್ತಕದ ಮೊದಲ ಪುಟ ಆ ಬಸ್ ನಿಲ್ದಾಣದ ಬೋರ್ಡನ್ನೇ ಬಿಡಿಸಿ ಹೇಳಿದರೂ ಸಾಕು: ಮೂಲವ್ಯಾಧಿಯೆಂದರೆ ಊದಿ ಕೆಳಗಿಳಿದ ರಕ್ತನಾಳದ ಮೆತ್ತೆ, ಫಿಶರ್ ಎಂದರೆ ಸೀಳು, ಫಿಸ್ಟುಲಾ ಎಂದರೆ ಸುರಂಗ. ಬ್ಯಾಕ್ಟೀರಿಯಾಗಳ ಕಥೆ ಎರಡನೆಯ ಪುಟದಿಂದ ಶುರುವಾಗಲಿ.