ಶಾಸನದ ಛಾಯಾಚಿತ್ರವೂ ಪಾಠನಿರ್ಣಯವೂ

ಚಿತ್ರದುರ್ಗದ ಕೋಟೆಗೆ ಪಶ್ಚಿಮದಲ್ಲಿರುವ ಚಂದ್ರವಳ್ಳಿಯ ಕಣಿವೆಯಲ್ಲಿ, ಭೈರವೇಶ್ವರನ ಗುಡಿಯ ಸಮೀಪದ ಬಂಡೆಯ ಮೇಲೆ, ಮೂರು ಪಂಕ್ತಿಗಳ ಪ್ರಾಕೃತಶಾಸನವೊಂದುಂಟು. ಕದಂಬರ ಮಯೂರಶರ್ಮನು ಕೆರೆಯೊಂದನ್ನು ನಿರ್ಮಿಸಿದನೆಂದೂ, ಆತನು ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿಗಳನ್ನು ಗೆದ್ದವನೆಂದೂ ಅದರಲ್ಲಿ ಹೇಳಿದೆಯೆಂದು ಡಾ. ಎಂ. ಎಚ್. ಕೃಷ್ಣರವರು ಮೈಸೂರು ಪುರಾತತ್ತ್ವ ಇಲಾಖೆಯ 1929ರ ವರದಿಯಲ್ಲಿ ಪ್ರಕಟಿಸಿದರು. ಮಯೂರಶರ್ಮನ ಹೆಸರಿನ ವಿಷಯದಲ್ಲಿ ವಿವಾದ ಹೆಚ್ಚಿಲ್ಲ. ವಿವಾದವಿರುವುದು ಗೆದ್ದ ನಾಡುಗಳ ಪಟ್ಟಿಯಲ್ಲಿ. ಆತನ ಕಥೆಯನ್ನು ವಿಸ್ತಾರವಾಗಿ ಹೇಳುವ ತಾಳಗುಂದದ ಸ್ತಂಭಶಾಸನದಲ್ಲಿ ಪಲ್ಲವರ ಮಾತು ಬರುತ್ತದೆಯೇ ಹೊರತು ಇಷ್ಟು ದೂರದ ದಿಗ್ವಿಜಯದ ಮಾತು ಇಲ್ಲ. ಆದುದರಿಂದ ಪಂಡಿತರಲ್ಲಿ ಅನೇಕರು ಈ ಪಾಠವನ್ನು ಶಂಕಿಸಿದರು, ಮುಂದೆ ಬಿ. ರಾಜಶೇಖರಪ್ಪನವರು ಬೇರೆ ಪಾಠವನ್ನೇ ಸೂಚಿಸಿದರು.

ಹೀಗೆ ಒಂದು ರಾಜವಂಶದ ಆದಿಚರಿತ್ರೆಯ ವ್ಯಾಪ್ತಿಯು ಸವೆದ ಕೆಲವು ಅಕ್ಷರಗಳ ಮೇಲೆ ನಿಂತಿದೆ. ಅಕ್ಷರಗಳೆಂದರೆ ಬಂಡೆಯ ಮೈಯಲ್ಲಿ ಬೆಳಕು ನೆರಳುಗಳ ಅತ್ಯಲ್ಪ ವ್ಯತ್ಯಾಸವಷ್ಟೆ. ಆ ವ್ಯತ್ಯಾಸವು ಓದುಗನ ಕಣ್ಣಿಗೆ ತಲಪುವುದಕ್ಕೆ ಮೊದಲು ಎಷ್ಟು ಕೈಗಳನ್ನು ದಾಟುತ್ತದೆ, ದಾಟುವಾಗ ಎಷ್ಟು ಸೋರಿಹೋಗುತ್ತದೆ ಎಂಬ ವಿಚಾರಕ್ಕೆ ಪಾಠವಿಮರ್ಶೆಯಲ್ಲಿ ದೊರೆಯಬೇಕಾದ ಸ್ಥಾನವು ಇನ್ನೂ ದೊರೆತಂತೆ ಕಾಣುವುದಿಲ್ಲ.

ಹಿಂದಿನವರ ಸಾಧನವು ಪಡಿಯಚ್ಚು. ನೆನೆದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳಿಗೆ ಇಳಿಸಿ, ಮೇಲೆ ಮಸಿಯನ್ನು ಒತ್ತಿದರೆ, ನೆಲವು ಕಪ್ಪಾಗಿ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಇದರ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಸಿ ಹತ್ತಿತೋ ಇಲ್ಲವೋ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಉಳಿ ಕೊರೆದ ಗೆರೆಯೂ ಮಳೆ ತಿಂದ ಕುಳಿಯೂ ಒಂದೇ ಬಿಳುಪಾಗಿ ತೋರಬಹುದು. ಛಾಯಾಚಿತ್ರವು ಈ ಕೊರತೆಯನ್ನು ತುಂಬೀತೆಂಬ ಆಶೆ ಹೊಸದಲ್ಲ. 1865ರಲ್ಲಿಯೇ ಮೇಜರ್ ಡಿಕ್ಸನ್ ಎಂಬಾತನು ಮೈಸೂರು ಸೀಮೆಯ ಸುಮಾರು 150 ಶಾಸನಗಳನ್ನು ಛಾಯಾಚಿತ್ರಗಳಲ್ಲಿ ಹಿಡಿದನು. ರೈಸರು 1879ರಲ್ಲಿ ಪ್ರಕಟಿಸಿದ ಅನುವಾದಗ್ರಂಥಕ್ಕೆ ಆ ಚಿತ್ರಗಳು ಆಧಾರವಾದುವು.

ಈಗಿನ ಡಿಜಿಟಲ್ ಛಾಯಾಚಿತ್ರದಲ್ಲಿ ಬೆಳಕು ಸಂಖ್ಯೆಯಾಗುತ್ತದೆ. ಪ್ರತಿಯೊಂದು ಬಿಂದುವಿನ ಬೆಳಕನ್ನು ಎಷ್ಟು ಮೆಟ್ಟಿಲುಗಳಲ್ಲಿ ಅಳೆದು ಬರೆದಿದೆ ಎಂಬುದನ್ನು ಬಿಟ್-ಆಳವೆನ್ನುತ್ತಾರೆ. 1 ಬಿಟ್ಟಿನಲ್ಲಿ ಎರಡೇ ಮೆಟ್ಟಿಲು, ಕಪ್ಪು ಮತ್ತು ಬಿಳುಪು. 8 ಬಿಟ್ಟಿನಲ್ಲಿ 256. 14 ಬಿಟ್ಟಿನಲ್ಲಿ 16,384. 16 ಬಿಟ್ಟಿನಲ್ಲಿ 65,536. ಒಳ್ಳೆಯ ಕ್ಯಾಮೆರಾಗಳ ಮೂಲಕಡತವು ಸಾಮಾನ್ಯವಾಗಿ 12 ಅಥವಾ 14 ಬಿಟ್ಟಿನದು. ಎಲ್ಲರ ಕೈಯಲ್ಲೂ ಓಡಾಡುವ ಜೆಪೆಗ್ ಕಡತವು 8 ಬಿಟ್ಟಿನದು. ನೋಡುವುದಕ್ಕೆ 256 ಮೆಟ್ಟಿಲುಗಳು ಧಾರಾಳವಾಗಿ ಸಾಕು. ಮದುವೆಯ ಚಿತ್ರಕ್ಕೆ ಅದಕ್ಕಿಂತ ಹೆಚ್ಚನ್ನು ಬಯಸುವುದು ಆಡಂಬರವೇ ಸರಿ. ಆದರೆ ಶಾಸನದ ಚಿತ್ರವನ್ನು ಯಾರೂ ತೆಗೆದ ಹಾಗೆಯೇ ಓದುವುದಿಲ್ಲ, ತಿದ್ದಿ ಓದುತ್ತಾರೆ. ತೊಡಕು ಹುಟ್ಟುವುದು ಅಲ್ಲಿ.

ಬಂಡೆಯ ನೆಲಕ್ಕೂ ಸವೆದ ಗೆರೆಯ ತಳಕ್ಕೂ ನಡುವೆ 8 ಬಿಟ್ಟಿನ ಚಿತ್ರದಲ್ಲಿ 30 ಮೆಟ್ಟಿಲುಗಳ ಅಂತರವಿದೆಯೆಂದು ಭಾವಿಸಬಹುದು. ಅಕ್ಷರ ಎದ್ದು ಕಾಣಲೆಂದು ಆ 30ನ್ನು ಕಪ್ಪಿನಿಂದ ಬಿಳುಪಿನವರೆಗೆ ಎಳೆದರೆ, ಇರುವ 30 ಮೆಟ್ಟಿಲುಗಳೇ 256ರ ಉದ್ದಕ್ಕೂ ಎಂಟೆಂಟು ಹೆಜ್ಜೆಗೆ ಒಂದರಂತೆ ಚದರಿ ನಿಲ್ಲುತ್ತವೆ. ನಡುವಿನ ಎಡೆಗಳು ಬರಿದು. ನಯವಾಗಿ ಇಳಿಯಬೇಕಾದ ನೆರಳು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಪಟ್ಟೆಯ ಅಂಚು ಗೆರೆಯಂತೆ ಕಾಣುತ್ತದೆ. ಆ ಗೆರೆ ಕಲ್ಲಿನಲ್ಲಿಲ್ಲ! ಅದೇ ಅಂತರವು ಅದೇ ಅಳತೆಗೋಲಿನ 14 ಬಿಟ್ಟಿನಲ್ಲಿ 1,920 ಮೆಟ್ಟಿಲುಗಳಾಗಿರುವುದರಿಂದ ಎಷ್ಟೇ ಎಳೆದರೂ ಒಡೆಯುವುದಿಲ್ಲ.

ಇದನ್ನು ಕೇಳಿದವರು 8 ಬಿಟ್ಟಿನ ಚಿತ್ರವನ್ನು 16ಕ್ಕೆ ಪರಿವರ್ತಿಸಿ ತೃಪ್ತಿಪಡುವುದುಂಟು. ಸೇರಿನ ಲೆಕ್ಕದಲ್ಲಿ ಅಳೆದ ರಾಗಿಯನ್ನು ಚಟಾಕಿನ ಲೆಕ್ಕದಲ್ಲಿ ಬರೆದುಕೊಂಡರೆ ಕಣಜದಲ್ಲಿ ಒಂದು ಕಾಳೂ ಹೆಚ್ಚುವುದಿಲ್ಲ. ಆದರೂ ಈ ಪರಿವರ್ತನೆ ತೀರ ನಿರರ್ಥಕವೆನ್ನಲಾಗದು. ಅನೇಕ ತಿದ್ದುಪಡಿಗಳನ್ನು ಒಂದರ ಮೇಲೊಂದು ಮಾಡುವಾಗ ಪ್ರತಿ ಸಲವೂ ಭಿನ್ನಾಂಕವನ್ನು ಪೂರ್ಣಾಂಕಕ್ಕೆ ಇಳಿಸಬೇಕಾಗುತ್ತದೆ. 16ರಲ್ಲಿ ಈ ನಷ್ಟ ಗಣನೆಗೆ ಬಾರದು, 8ರಲ್ಲಿ ಕೂಡುತ್ತ ಹೋಗುತ್ತದೆ. ಹೋದುದು ಮರಳಿ ಬರುವುದಿಲ್ಲ, ಇನ್ನು ಹೋಗುವುದು ತಪ್ಪುತ್ತದೆ, ಇಷ್ಟೇ.

ಬಿಟ್ಟುಗಳ ಸಂಖ್ಯೆಯನ್ನೇ ಪ್ರಮಾಣವೆಂದು ಹಿಡಿಯುವುದೂ ಸಲ್ಲದು. 14 ಬಿಟ್ಟುಗಳಲ್ಲಿ ಕೊನೆಯ ಒಂದೆರಡು ಬಿಟ್ಟುಗಳಲ್ಲಿರುವುದು ಬಹುಮಟ್ಟಿಗೆ ಯಂತ್ರದ ಗದ್ದಲ. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ ಹದಿನಾರು ಸಲ ಚಿತ್ರ ತೆಗೆದು ಸರಾಸರಿ ಮಾಡಿದರೆ ಆ ಗದ್ದಲವು ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಸರಾಸರಿಯನ್ನು 16 ಬಿಟ್ಟಿನಲ್ಲಿ ಇರಿಸಿಕೊಳ್ಳದಿದ್ದರೆ ಪಟ್ಟ ಶ್ರಮ ವ್ಯರ್ಥ. ಇವೆಲ್ಲಕ್ಕಿಂತ ಮೇಲಾದುದು ಬೆಳಕಿನ ಓರೆ. ಹಿರಿಯೂರಿನ ಕಡೆಯ ಯಲ್ಲದಕೆರೆಯಂತಹ ಊರಿನಲ್ಲಿ ಉಪಾಧ್ಯಾಯರೊಬ್ಬರು ಹೊಲದ ಬದುವಿನಲ್ಲಿ ಕಂಡ ಕಲ್ಲೊಂದನ್ನು ಇಳಿಬಿಸಿಲಿನಲ್ಲಿ ಕೈಫೋನಿನಿಂದ ಚಿತ್ರಿಸಿ ಕಳುಹಿಸಿದರೆ, ಆ 8 ಬಿಟ್ಟಿನ ಚಿತ್ರವು ನಡುಹಗಲಿನಲ್ಲಿ ಬೆಲೆಬಾಳುವ ಯಂತ್ರದಿಂದ ತೆಗೆದ 14 ಬಿಟ್ಟಿನ ಚಿತ್ರಕ್ಕಿಂತ ಹೆಚ್ಚು ಅಕ್ಷರಗಳನ್ನು ತೋರಿಸೀತು. ನೆತ್ತಿಯ ಬಿಸಿಲಿನಲ್ಲಿ ನೆರಳೇ ಬೀಳದ ಗೆರೆಯನ್ನು ಯಾವ ಬಿಟ್ಟೂ ಹಿಡಿಯಲಾರದು.

ಅತ್ಯಂತ ಅಪಾಯಕರವಾದ ಪರಿವರ್ತನೆಯು ಕೊನೆಯದು, ಎಂದರೆ ಬೂದುಬಣ್ಣದ ಚಿತ್ರವನ್ನು 1 ಬಿಟ್ಟಿಗೆ ಇಳಿಸುವುದು. ಮುದ್ರಣದಲ್ಲಿ ಅಕ್ಷರಗಳು ಸ್ಫುಟವಾಗಿರಲೆಂದು ಹೀಗೆ ಮಾಡುತ್ತಾರೆ. ಯಾವುದೋ ಒಂದು ಬೆಲೆಯನ್ನು ಗಡಿಯಾಗಿಟ್ಟು, ಅದಕ್ಕೆ ಮೇಲಿನದೆಲ್ಲ ಬಿಳುಪು, ಕೆಳಗಿನದೆಲ್ಲ ಕಪ್ಪು ಎಂದು ತೀರ್ಪುಕೊಡುವುದು ಇದರ ಕ್ರಮ. ಗಡಿಯನ್ನು ಚಿತ್ರದ ಅಂಕಿಗಳಿಂದಲೇ ನಿರ್ಣಯಿಸುವ ವಿಧಾನವೊಂದನ್ನು 1979ರಲ್ಲಿ ಜಪಾನಿನ ಓಟ್ಸು ಎಂಬ ವಿದ್ವಾಂಸನು ಸೂಚಿಸಿದನು; ಅಚ್ಚಾದ ಪುಟಗಳಿಗೆ ಅದು ಯೋಗ್ಯವಾದುದು. ಬಂಡೆಗಲ್ಲಾದರೋ ಅಚ್ಚಾದ ಪುಟವಲ್ಲ. ಬ್ರಾಹ್ಮಿಯಲ್ಲಿ ಅನುಸ್ವಾರವು ಒಂದು ಚುಕ್ಕಿ. ಇಕಾರ, ಉಕಾರ, ಎಕಾರಗಳು ಅಕ್ಷರದ ತಲೆಗೋ ಬುಡಕ್ಕೋ ಹತ್ತಿದ ಗಿಡ್ಡ ಗೆರೆಗಳು. ಗಡಿಯನ್ನು ಸ್ವಲ್ಪ ಸರಿಸಿದರೆ ಕಲ್ಲಿನ ಕುಳಿಯೊಂದು ಅನುಸ್ವಾರವಾಗುತ್ತದೆ, ನಿಜವಾದ ಮಾತ್ರೆಯೊಂದು ಅಳಿಸಿಹೋಗುತ್ತದೆ. ಬೂದುಛಾಯೆಯನ್ನು ಅನುಕರಿಸಲು ಚುಕ್ಕಿಗಳನ್ನು ಎರಚುವ ಇನ್ನೊಂದು ಕ್ರಮವಂತೂ ಬಂಡೆಯ ತುಂಬ ಅನುಸ್ವಾರಗಳನ್ನು ಬಿತ್ತುತ್ತದೆ.

ಹಸ್ತಪ್ರತಿಯನ್ನು ಸಂಪಾದಿಸುವವನು ಸಂದಿಗ್ಧವಾದ ಅಕ್ಷರವನ್ನು ಕಂಸದಲ್ಲಿಟ್ಟು, ಪಾಠಾಂತರವನ್ನು ಅಡಿಯಲ್ಲಿ ಕೊಡುತ್ತಾನೆ. 1 ಬಿಟ್ಟಿಗೆ ಇಳಿಸಿದ ಚಿತ್ರದಲ್ಲಿ ಕಂಸಕ್ಕೆ ಎಡೆಯಿಲ್ಲ. ಅದು ಸಂಪಾದಕನ ಪಾಠವೇ ಹೊರತು ಕಲ್ಲಿನ ಸಾಕ್ಷ್ಯವಲ್ಲ. ಹಾಗಿದ್ದರೂ ಸಾಕ್ಷ್ಯದ ವೇಷದಲ್ಲಿ ಅದು ಫಲಕಗಳಲ್ಲಿ ಅಚ್ಚಾಗುತ್ತದೆ, ವಿದ್ಯಾರ್ಥಿಗಳು ಅದರಿಂದಲೇ ಲಿಪಿಯನ್ನು ಕಲಿಯುತ್ತಾರೆ. ಓದಿದ ಪಾಠಕ್ಕೆ ಹೊಂದುವಂತೆ ಗಡಿಯನ್ನು ಆರಿಸಿ, ಆ ಚಿತ್ರವನ್ನೇ ಪಾಠಕ್ಕೆ ಆಧಾರವೆಂದು ತೋರಿಸುವುದು ನ್ಯಾಯಶಾಸ್ತ್ರದವರು ಹೇಳುವ ಅನ್ಯೋನ್ಯಾಶ್ರಯದೋಷ.

ಉಳಿತಾಯದ ವಾದವೂ ಈಗ ನಿಲ್ಲದು. 2 ಕೋಟಿ 40 ಲಕ್ಷ ಬಿಂದುಗಳ ಬೂದುಬಣ್ಣದ ಚಿತ್ರವು 1 ಬಿಟ್ಟಿನಲ್ಲಿ 3 ಮೆಗಾಬೈಟು, 8ರಲ್ಲಿ 24, 16ರಲ್ಲಿ 48. ಒಂದು ಶಾಸನಕ್ಕೆ ಹತ್ತು ಚಿತ್ರಗಳನ್ನಿಟ್ಟರೂ ಅರ್ಧ ಗಿಗಾಬೈಟಿಗೆ ಮಿಕ್ಕದು.

ಕಲ್ಲಿನ ಮೈಯ ಆಳವನ್ನೇ ಅಳೆಯುವ ದಾರಿಯೂ ತೆರೆದಿದೆ. ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಕೂಡಿಸುವ ಕ್ರಮವನ್ನು 2001ರಲ್ಲಿ ಮಾಲ್ಜ್‌ಬೆಂಡರ್ ಮೊದಲಾದವರು ಪ್ರಕಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಲ್ಲಿ ಆ ಪ್ರಾಂತದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕಾರ್ಯವನ್ನು ಕೈಗೊಂಡರು. ಇಂತಹ ಕೆಲಸದಲ್ಲಿ ಮಸಿಯೂ ಇಲ್ಲ, ಬಿಸಿಲಿನ ಹಂಗೂ ಕಡಮೆ. ಆದರೂ ಅಳೆದ ಆಳವನ್ನು ಪುಟದ ಮೇಲೆ ತೋರಿಸುವಾಗ ಅದು ಮತ್ತೆ 256 ಬೂದು ಮೆಟ್ಟಿಲುಗಳಿಗೆ ಇಳಿಯಲೇಬೇಕು. ಯಾವ ಆಳವನ್ನು ಕಪ್ಪೆಂದು, ಯಾವುದನ್ನು ಬಿಳುಪೆಂದು ಆರಿಸಿದರೆಂಬ ಪ್ರಶ್ನೆ ಅಲ್ಲಿಯೂ ತಪ್ಪದು.

ಚಂದ್ರವಳ್ಳಿಯ ಪಾಠವನ್ನು ಮುಂದೆ ಸಾಧಿಸಹೊರಡುವವರು ಫಲಕದೊಡನೆ ಕೆಲವು ವಿವರಗಳನ್ನು ಕೊಡುವುದು ಯುಕ್ತ. ಬೆಳಕು ಯಾವ ದಿಕ್ಕಿನಿಂದ ಬಿದ್ದಿತು, ಮೂಲಕಡತವು ಎಷ್ಟು ಬಿಟ್ಟಿನದು, ತಿದ್ದುವಾಗ ಎಷ್ಟರಲ್ಲಿತ್ತು, 8ಕ್ಕೆ ಯಾವಾಗ ಇಳಿಸಿದರು, 1 ಬಿಟ್ಟಿಗೆ ಇಳಿಸಿದ್ದರೆ ಗಡಿ ಯಾವುದು. ತಿದ್ದದ ಮೂಲವನ್ನು ಬೇರೊಬ್ಬರು ಕೇಳಿದಾಗ ಕೊಡುವಂತಿರಬೇಕು. ಮೌಖರಿಯೆಂದು ಓದಿದ ಎಡೆಯಲ್ಲಿ ಗಡಿಯನ್ನು ಹತ್ತು ಮೆಟ್ಟಿಲು ಆಚೀಚೆ ಸರಿಸಿದರೂ ಅವೇ ಅಕ್ಷರಗಳು ನಿಲ್ಲುತ್ತವೆಯೋ ಇಲ್ಲವೋ ಎಂಬುದನ್ನು ಆಗ ಯಾರು ಬೇಕಾದರೂ ಪರೀಕ್ಷಿಸಬಹುದು.